ಥರ್ಕೆಟಲ್ ಕೊಡದ ಅಪ್ಪಣೆ

ಏಳನೆಯ ಕಂತು

"ಮಾಡಿ ತೋರಿಸು," ಅಂದಳು ಬೆರಿಲ್.

"ಏನನ್ನ?"

"ಫೋನಲ್ಲಿ ಮಾಡಿದ್ದನ್ನ. ಅದೇ ದನಿ, ಅದೇ ಮಾತು."

ಲೆನ್ನಿ ಗೂಚ್ ಕಾರಿನ ಗಾಜಿನಾಚೆ ನೋಡಿದ. ಬೇಲಿಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಸೆಪ್ಟೆಂಬರಿನ ಸಂಜೆಯ ಬಿಸಿಲು ಹೊಲಗಳ ಮೇಲೆ ಓರೆಯಾಗಿ ಬಿದ್ದಿತ್ತು.

ಮಾರ್ಲಿಂಗ್‌ಹ್ಯಾಮ್ ಪೇಟೆಯಲ್ಲಿ ಲೆನ್ನಿಯದು ಕ್ಷೌರದಂಗಡಿ. ಅವನ ಕತ್ತರಿ ಗಿರಾಕಿಯ ಕೂದಲು ಕತ್ತರಿಸುವಷ್ಟು ಹೊತ್ತೂ ಅವನ ಕಿವಿ ಗಿರಾಕಿಯ ದನಿಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಳ್ಳುತ್ತಿತ್ತು. ಪಾದ್ರಿಯ ದನಿ, ಬ್ಯಾಂಕ್ ಮ್ಯಾನೇಜರನ ದನಿ, ಬ್ಯಾಂಕ್ ಮ್ಯಾನೇಜರನ ನಾಯಿಯ ದನಿ. ಮಂಗಳವಾರ ಸಂಜೆ, ಯಂತ್ರ ಹಿಡಿದು ಮಣ್ಣಲ್ಲಿ ಹೂತ ಲೋಹ ಹುಡುಕುವ ಡಿಟೆಕ್ಟರ್ ಕ್ಲಬ್ಬಿನವರು ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರಿದರೆ, ಆ ವಾರ ಯಾರಿಗೆ ಯಾವ ನಾಣ್ಯ ಸಿಕ್ಕಿತು ಅನ್ನುವುದಕ್ಕಿಂತ ಲೆನ್ನಿ ಯಾರ ಹಾಗೆ ಮಾತಾಡುತ್ತಾನೆ ಅನ್ನುವುದೇ ದೊಡ್ಡ ಸುದ್ದಿ.

ಅವನು ಗದ್ದವನ್ನು ಎದೆಗೆ ಒತ್ತಿದ. ಕತ್ತು ಉಬ್ಬಿಸಿದ. ಹಲ್ಲಿನ ಸಂದಿಯಿಂದ ಸ್ಸ್ ಎಂದು ಗಾಳಿ ಎಳೆದುಕೊಂಡ.

"ನೋಡು ಮರೀ... ರೋಲಂಡ್ ಥರ್ಕೆಟಲ್ ಮಾತಾಡ್ತಿರೋದು..."

ಬೆರಿಲ್ ಸರಕ್ಕನೆ ಹಿಂದಿನ ಸೀಟಿನ ಕಡೆ ತಿರುಗಿದಳು. ಅಲ್ಲಿ ಎರಡು ಡಿಟೆಕ್ಟರು, ಒಂದು ಗುದ್ದಲಿ ಬಿಟ್ಟರೆ ಯಾರೂ ಇರಲಿಲ್ಲ.

"ಸಾಕು ನಿಲ್ಸು."

"ನೀನೇ ಕೇಳಿದ್ದಲ್ಲ ಸಾರ್ಜೆಂಟಮ್ಮ?"

"ಕೇಳಿದ್ದು ನನ್ನ ತಪ್ಪು."

ಬೆರಿಲ್ ಲಾರ್ಟರ್ ಪೊಲೀಸ್ ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಎರಡು ಮಂಡಿಗಳಲ್ಲಿ ಒಂದು ಅವಳದು, ಇನ್ನೊಂದು ಆಸ್ಪತ್ರೆಯವರು ಹಾಕಿದ್ದು. ಆದರೂ ಕ್ಲಬ್ಬಿನ ಡೆನ್ಜಿಲ್ ಗ್ಯಾರಡ್ ಒಂದು ಶನಿವಾರ ಕಾಣೆಯಾದಾಗ ಅವನ ತಂಗಿ ಅಳುತ್ತಾ ಬಂದದ್ದು ಠಾಣೆಗಲ್ಲ, ಬೆರಿಲ್ ಮನೆಗೆ. ಡೆನ್ಜಿಲ್‌ನ ವ್ಯಾನು ರೈಲು ನಿಲ್ದಾಣದ ಅಂಗಳದಲ್ಲಿ ಸಿಕ್ಕಿತ್ತು. ರೈಲು ಹತ್ತಿ ಎಲ್ಲಿಗೋ ಹೋಗಿದ್ದಾನೆ, ದೊಡ್ಡ ಮನುಷ್ಯ, ಬರುತ್ತಾನೆ ಬಿಡಿ ಎಂದಿದ್ದರು ಪೊಲೀಸರು. ಹೋದ ವಾರದವರೆಗೆ ಬೆರಿಲ್‌ಗೆ ಒಬ್ಬ ನಾಣ್ಯ ವ್ಯಾಪಾರಿಯ ಮೇಲೆ ಕಣ್ಣಿತ್ತು. ಆ ಶನಿವಾರವಿಡೀ ಅವನು ಮಗಳ ಮದುವೆಯಲ್ಲಿ ಕುಣಿಯುತ್ತಿದ್ದನೆಂದು ಗೊತ್ತಾದ ಮೇಲೆ ಉಳಿದದ್ದು ಒಂದೇ ಪ್ರಶ್ನೆ. ಆ ಬೆಳಿಗ್ಗೆ ಡೆನ್ಜಿಲ್ ಯಾರ ಹೊಲಕ್ಕೆ ಹೋಗಿದ್ದ?

ಉತ್ತರ ಇವತ್ತು ಮಧ್ಯಾಹ್ನ ಕ್ಷೌರದ ಕುರ್ಚಿಯ ಹಿಂದೆ ನಿಂತು ಗಳಗಳನೆ ಅತ್ತಿತ್ತು.

"ಮತ್ತೆ ಹೇಳು. ಫೋನಲ್ಲಿ ಏನಂದೆ?"

"ಸನ್ಯಾಸಿನಿ ಮಾಳಕ್ಕೆ ಬಾ ಅಂದೆ. ಯಂತ್ರ ತಗೊಂಡು ಬಾ, ಶನಿವಾರ ಬಾ ಅಂದೆ."

"ಅವನು?"

"ಮೂಗು ಎಳ್ಕೊಂಡ. ಆಮೇಲೆ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಮಿಸ್ಟರ್ ಥರ್ಕೆಟಲ್, ಅಂದ."

"ಆಗ್ಲಾದ್ರೂ ಹೇಳ್ಬಾರ್ದಿತ್ತಾ, ಮಾರಾಯ?"

"ಹೇಳೋಣ ಅಂತ ಬಾಯಿ ಬಿಟ್ಟೆ ಬೆರಿಲ್. ಥರ್ಕೆಟಲ್ ದನಿಯೇ ಬಂತು."

ಲೆನ್ನಿ ಮಂಗಳವಾರ ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಗುಟ್ಟು ಒಡೆಯಬೇಕೆಂದುಕೊಂಡಿದ್ದ. ಡೆನ್ಜಿಲ್ ಕೆಂಪಾಗುತ್ತಾನೆ, ಎರಡು ಬೈಗುಳ ಬೈಯುತ್ತಾನೆ, ಒಂದು ಲೋಟ ಬಿಯರಿನಲ್ಲಿ ಮುಗಿಯುತ್ತದೆ ಎಂದು. ಮಂಗಳವಾರ ಬಂತು. ಡೆನ್ಜಿಲ್ ಬರಲಿಲ್ಲ.

ಡೆನ್ಜಿಲ್ ನಂಬಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ನಂಬಲು ಅವನು ವರ್ಷಗಟ್ಟಲೆ ತಯಾರಾಗಿ ಕೂತಿದ್ದ.

ಪ್ರತಿ ವರ್ಷ ಕೊಯ್ಲು ಮುಗಿದು ಹೊಲ ಬರಿದಾದ ಕೂಡಲೇ ಟೋಪಿ ಕೈಯಲ್ಲಿ ಹಿಡಿದು, ಮಾಳದಲ್ಲಿ ಅಗೆಯಲು ಅಪ್ಪಣೆ ಕೇಳಿ, ಅದರ ಯಜಮಾನ ಥರ್ಕೆಟಲ್ ಬಾಗಿಲಿಗೆ ಹೋಗುತ್ತಿದ್ದ. ಕೊಯ್ಲಿಗೂ ಬಿತ್ತನೆಗೂ ನಡುವೆ ಸಿಗುವ ನಾಲ್ಕು ದಿನವೇ ಡಿಟೆಕ್ಟರಿನವರ ಸುಗ್ಗಿ. ಆಗ ಸಾಹೇಬರ ಮನೆಯಿಂದ ಕೊಟ್ಟಿಗೆಯವರೆಗೆ ಎಲ್ಲ ಬಾಗಿಲೂ ತಟ್ಟುತ್ತಾರೆ. ಥರ್ಕೆಟಲ್ ಬೇಡ ಅನ್ನುತ್ತಿದ್ದ. ಕ್ರಿಸ್‌ಮಸ್‌ಗೆ ಡೆನ್ಜಿಲ್ ಒಂದು ಬಾಟಲಿ ವಿಸ್ಕಿ ಒಯ್ದು ಕೊಡುತ್ತಿದ್ದ. ಥರ್ಕೆಟಲ್ ಬಾಟಲಿ ತೆಗೆದುಕೊಂಡು ಮತ್ತೆ ಬೇಡ ಅನ್ನುತ್ತಿದ್ದ.

ಕ್ಲಬ್ಬಿನ ಕಟ್ಟಳೆ ಒಂದಿತ್ತು. ಹೊಲದ ಯಜಮಾನ ಗೇಟಿನ ಆಚೆ, ನೀನು ಈಚೆ, ಗೇಟಿನ ಮೇಲೆ ಕೈ ಕುಲುಕಬೇಕು. ಕೈ ಕುಲುಕದ ಅಪ್ಪಣೆ ಅಪ್ಪಣೆಯಲ್ಲ. ಅದನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವನೇ ಡೆನ್ಜಿಲ್. ಆಸೆ ಹೆಚ್ಚಾದಾಗ ಮೇಷ್ಟ್ರು ಪಾಠ ಮರೆತರು.

"ಡೆನ್ಜಿಲ್ ಗುದ್ದಲಿ," ಬೆರಿಲ್ ಕಾರಿನಿಂದ ಇಳಿಯುತ್ತಾ ಅಂದಳು. "ವ್ಯಾನಲ್ಲಿ ಸಿಕ್ಕಿದ್ದು. ಬೂದು ಜೇಡಿ ಅಂಟ್ಕೊಂಡಿತ್ತು, ಮುಷ್ಟಿ ಗಾತ್ರ."

"ಡೆನ್ಜಿಲ್ ಹಾಗೆ ಮಾಡಲ್ಲ. ಗೇಟ್ ಹತ್ರಾನೇ ಕೆರೆದು ಉದುರ್ಸಿ ಹೋಗ್ತಾನೆ. ಒಬ್ಬನ ಮಣ್ಣು ಇನ್ನೊಬ್ಬನ ಊರಿಗೆ ಹೊರಬಾರ್ದು ಅಂತಾನೆ."

"ಅಂದ್ರೆ ಗುದ್ದಲಿ ವ್ಯಾನಿಗೆ ಹಾಕಿದ್ದು ಅವನಲ್ಲ."

ಲೆನ್ನಿ ಡೆನ್ಜಿಲ್ ಬಗ್ಗೆ 'ಮಾಡುತ್ತಿರಲಿಲ್ಲ' ಎನ್ನದೆ 'ಮಾಡಲ್ಲ' ಎಂದದ್ದು ಇಬ್ಬರಿಗೂ ಕೇಳಿಸಿತ್ತು.

ಸನ್ಯಾಸಿನಿ ಮಾಳದ ಅಂಚಿನಲ್ಲಿ ಒಂದು ಕಾಲುದಾರಿ. ಹಿಂದೆ ಅಲ್ಲಿ ಸನ್ಯಾಸಿನಿಯರ ಮಠವಿತ್ತಂತೆ. ಮಠ ಹೋಗಿ ಮಾಳ ಉಳಿದಿತ್ತು. ದಾರಿಯಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಡ. ದಾರಿಯಿಂದ ಒಂದು ಗೇಣು ಆಚೆ ಗುದ್ದಲಿ ಊರಬೇಕಾದರೆ ಮಾತ್ರ ರೋಲಂಡ್ ಥರ್ಕೆಟಲ್ ಹೂಂ ಅನ್ನಬೇಕು. ಅವನು ಇವತ್ತಿನವರೆಗೆ ಯಾರಿಗೂ ಹೂಂ ಅಂದಿರಲಿಲ್ಲ.

ಸುತ್ತಲಿನ ಹೊಲಗಳೆಲ್ಲ ಕೊಯ್ದು ಬೋಳಾಗಿದ್ದವು. ಇದೊಂದು ಮಾತ್ರ ಹಸಿರು ಹುಲ್ಲು. ಎಳೆ ಹೋರಿಗಳು ಮೇಯುತ್ತಿದ್ದವು.

"ನನಗೊಂದು ಅರ್ಥವಾಗಲ್ಲ," ಅಂದ ಲೆನ್ನಿ. "ನಾವು ಕಷ್ಟಪಟ್ಟು ತೋಡೋದು. ಸಿಕ್ಕಿದ್ರಲ್ಲಿ ಅರ್ಧ ಅವಂದು. ಬೇಡ ಯಾಕಂತಾನೆ?"

"ಅರ್ಧ ಚಿನ್ನ ಪುಕ್ಕಟೆ ಬರುತ್ತೆ ಅಂದ್ರೂ ಬೇಡ ಅನ್ನೋನು ಮಣ್ಣಲ್ಲಿ ಚಿನ್ನಕ್ಕಿಂತ ಭಾರವಾದ್ದೇನೋ ಇಟ್ಟಿರ್ತಾನೆ."

"ನಮಗೆ ಸಿಗೋ ಚಿನ್ನ ನನಗೆ ಗೊತ್ತಿಲ್ವಾ!"

ಕೋಟಿಯ ಆಸೆಗೆ ಗುಂಡಿ ತೋಡಿದವರಿಗೆ ಕೋಟಿನ ಗುಂಡಿ ಸಿಗುವುದೇ ಈ ಹವ್ಯಾಸದ ಹಣೆಬರಹ. ಲೆನ್ನಿಯ ಮನೆಯಲ್ಲಿ ಅಂಥ ಗುಂಡಿಗಳೇ ಎರಡು ಡಬ್ಬಿ ತುಂಬಿದ್ದವು. ಆ ಹಳೆಯ ತಮಾಷೆಗೆ ಇವತ್ತು ಯಾರೂ ನಗಲಿಲ್ಲ.

ಬೆರಿಲ್ ನಿಂತಳು. "ಅದೇನು?"

ಗೇಟಿನಿಂದ ದಿಬ್ಬದ ಕಡೆಗೆ ಹುಲ್ಲಿನ ಮೇಲೆ ತೆಳ್ಳಗಿನ ಗೆರೆಗಳು. ಗೊತ್ತಿಲ್ಲದವರಿಗೆ ಹೋರಿಯ ಗೊರಸಿನ ಗುರುತು. ಲೆನ್ನಿಗೆ ಗೊತ್ತಿತ್ತು. ಡೆನ್ಜಿಲ್ ಬೇರು ಸಮೇತ ಹುಲ್ಲಿನ ಪದರದ ಮೂರು ಬದಿ ಕೊಯ್ದು ನಾಲ್ಕನೆಯದನ್ನು ಕೀಲಿನಂತೆ ಬಿಡುತ್ತಿದ್ದ. ಪೆಟ್ಟಿಗೆಯ ಮುಚ್ಚಳದ ಹಾಗೆ ಎತ್ತುವುದು, ಒಳಗಿದ್ದದ್ದನ್ನು ತೆಗೆಯುವುದು, ಮಣ್ಣು ತುಂಬುವುದು, ಮುಚ್ಚಳ ಮುಚ್ಚಿ ಹಿಮ್ಮಡಿಯಲ್ಲಿ ಒತ್ತುವುದು. ಒಂದು ತಿಂಗಳಲ್ಲಿ ಹುಲ್ಲು ಬೆಸೆದುಕೊಂಡು ಗುರುತೇ ಸಿಗುವುದಿಲ್ಲ. ಡಾಕ್ಟರು ಹೊಟ್ಟೆ ಹೊಲಿದ ಹಾಗೆ ಅವನು ನೆಲ ಹೊಲಿಯುತ್ತಿದ್ದ.

"ಅವಂದೇ," ಅಂದ ಲೆನ್ನಿ. "ಕೀಲು ನೋಡು, ಎಲ್ಲ ಗೇಟಿನ ಕಡೆ. ಅವನು ಯಾವಾಗ್ಲೂ ಹಾಗೇ. ಬಂದಿದಾನೆ ಬೆರಿಲ್. ಇಲ್ಲಿಗೇ ಬಂದಿದಾನೆ."

"ಕೊನೇದು ನೋಡು."

ಸಾಲಿನ ಕೊನೆಯ ಗುಂಡಿ ಬಾಯಿ ತೆರೆದಿತ್ತು. ಹುಲ್ಲಿನ ಮುಚ್ಚಳ ಮಗುಚಿ ಬಿದ್ದು, ಒಣಗಿ ಹಳದಿಯಾಗಿತ್ತು. ಗುಂಡಿಯ ಬಾಯಲ್ಲಿ ಬೂದು ಜೇಡಿಮಣ್ಣು.

"ಡೆನ್ಜಿಲ್ ಗುಂಡಿ ತೆರೆದಿಟ್ಟು ಹೋಗ್ತಾನಾ?"

"ಮನೆ ಬಾಗಿಲು ತೆರೆದಿಟ್ಟು ಹೋದಾನು. ಗುಂಡಿ ಬಿಟ್ಟು ಹೋಗಲ್ಲ."

ತೆರೆದ ಗುಂಡಿಯಿಂದ ಒಂದು ಮಾರು ಆಚೆಗೆ ತುರಿಕೆ ಗಿಡಗಳು ಶುರುವಾಗಿದ್ದವು. ಇಡೀ ಮಾಳದಲ್ಲಿ ಅಲ್ಲೊಂದೇ ಕಡೆ. ಉದ್ದಕ್ಕೆ, ಇಕ್ಕಟ್ಟಾಗಿ, ಎದೆಯೆತ್ತರ. ಒಬ್ಬ ಮನುಷ್ಯ ಹೊದ್ದು ಮಲಗುವಷ್ಟೇ ಜಾಗ.

"ತುರಿಕೆ ಗಿಡ ಸುಮ್ಮನೆ ಹುಲ್ಲಿನ ಮಧ್ಯೆ ಏಳಲ್ಲ," ಬೆರಿಲ್ ಮೆಲ್ಲಗೆ ಅಂದಳು. "ಯಾವಾಗಲೋ ಆಳವಾಗಿ ಅಗೆದಿರ್ಬೇಕು. ಒಳಗೇನೋ ಕೊಳೆತಿರ್ಬೇಕು."

"ಡೆನ್ಜಿಲ್..."

"ಅಲ್ಲ. ಬುಡ ನೋಡು, ಬೆರಳು ದಪ್ಪ. ಎಷ್ಟೋ ವರ್ಷದ್ದು. ಡೆನ್ಜಿಲ್ ಅದರ ಹತ್ರ ಹತ್ರ ಹೋಗ್ತಿದ್ದ. ಅಷ್ಟೇ."

ಥರ್ಕೆಟಲ್‌ಗೆ ಎಡ್ವಿನ್ ಎಂಬ ಅಣ್ಣನಿದ್ದ. ಹೊಲ ಅವನ ಪಾಲಿಗೆ ಬರಬೇಕಿತ್ತು. ಅಪ್ಪ ಸತ್ತ ವರ್ಷವೇ ಆಸ್ಟ್ರೇಲಿಯಾಕ್ಕೆ ಹೋದನೆಂದು ಊರು ನಂಬಿತ್ತು. ಆಸ್ಟ್ರೇಲಿಯಾದಿಂದ ಅವನ ಒಂದು ಹಬ್ಬದ ಕಾರ್ಡೂ ಯಾರಿಗೂ ಬಂದಿರಲಿಲ್ಲ. ಅದನ್ನು ಇಬ್ಬರೂ ನೆನೆದರು.

"ಪೊಲೀಸ್ರಿಗೆ ಫೋನ್ ಮಾಡು ಬೆರಿಲ್."

"ಮಾಡಿ? ಹುಲ್ಲಲ್ಲಿ ಗುಂಡಿ ಇದೆ, ತುರಿಕೆ ಗಿಡ ಇದೆ ಅನ್ಲಾ? ಕೋರ್ಟಿಂದ ಆಜ್ಞೆ ತರೋಕೆ ಅದು ಸಾಲಲ್ಲ. ಹೊಲದ ಯಜಮಾನನೇ ಅಗೀರಿ ಅಂದ್ರೆ ಕೋರ್ಟೂ ಬೇಡ, ಕಚೇರಿಯೂ ಬೇಡ. ಅದಕ್ಕೇ ಬಂದಿದೀವಿ." ಅವಳು ಲೆನ್ನಿಯ ತೋಳು ಹಿಡಿದಳು. "ನೀನು ಬಾಯಿ ಬಿಡ್ಬೇಡ. ಅವನಿಗೆ ಫೋನಿನ ವಿಷ್ಯ ಗೊತ್ತಾಗ್ಬಾರ್ದು. ತಿಳೀತಾ?"

"ಹೋದ ವಾರ ಅಂಗಡಿಗೆ ಬಂದಿದ್ದ ಅವನು."

"ಯಾರು, ಥರ್ಕೆಟಲ್?"

"ಕೂದಲು ಬೆಳೆದೇ ಇರ್ಲಿಲ್ಲ. ಆದ್ರೂ ಕೂತ. ಏನೂ ಮಾತಾಡ್ಲಿಲ್ಲ. ಕನ್ನಡೀಲಿ ನನ್ನ ಬಾಯನ್ನೇ ನೋಡ್ತಿದ್ದ."

ಬೆರಿಲ್ ಏನೋ ಹೇಳಹೊರಟಳು.

"ಸ್ಸ್... ನಿಂತು ನೋಡೋಕೆ ತೆರಿಗೆ ಇಲ್ಲ ಬಿಡಿ," ಹಿಂದಿನಿಂದ ದನಿ ಬಂತು.

ಒಂದು ಗಳಿಗೆ ಬೆರಿಲ್ ಲೆನ್ನಿಯ ಮುಖ ನೋಡಿದಳು. ಲೆನ್ನಿಯ ತುಟಿ ಮುಚ್ಚಿತ್ತು.

ರೋಲಂಡ್ ಥರ್ಕೆಟಲ್ ಬೇಲಿಯ ತಿರುವಿನಲ್ಲಿ ನಿಂತಿದ್ದ. ಎತ್ತರದ ಆಳು, ಎಪ್ಪತ್ತರ ಮೇಲಾದರೂ ಬೆನ್ನು ಬಾಗಿರಲಿಲ್ಲ. ಕೈಗಳು ಗುದ್ದಲಿಯ ಅಲಗಿನಷ್ಟು ಅಗಲ. ಮುಖದಲ್ಲಿ ಭಾನುವಾರದ ಚರ್ಚಿನಲ್ಲಿ ಕಾಣುವಂಥ ಸೌಮ್ಯ ನಗೆ.

"ಸಾರ್ಜೆಂಟ್ ಲಾರ್ಟರ್. ಮತ್ತೆ ನಮ್ಮ ಕತ್ತರಿ. ಕೇಳೋಕೆ ಬಂದಿದೀರಿ, ಅಲ್ವಾ? ಎಲ್ರೂ ಕೇಳೋಕೇ ಬರೋದು. ಬನ್ನಿ, ಚಾ ಕುಡಿದೇ ಬೇಡ ಅನ್ನಿಸ್ಕೊಳ್ಳಿ."

ಹೆಸರಿನಲ್ಲೇ ಕೆಟಲ್ ಇಟ್ಟುಕೊಂಡವನ ಮನೆಯಲ್ಲಿ ಚಹಾಕ್ಕೆ ಬರವಿರಲಿಲ್ಲ. ಅಂಗಳ ದಾಟುವಾಗ ಬೆರಿಲ್‌ನ ನಡಿಗೆ ನಿಧಾನವಾಯಿತು. ಟ್ರ್ಯಾಕ್ಟರಿನ ಹಿಂದೆ ನೇಗಿಲು ಹೂಡಿತ್ತು. ಎರವಲು ತಂದ ನೇಗಿಲು; ಪಕ್ಕದ ಹಳ್ಳಿಯವನ ಹೆಸರು ಅದರ ಮೇಲೆ ಬಿಳಿ ಬಣ್ಣದಲ್ಲಿತ್ತು.

"ಎಲ್ಲಿ ಉಳೋಕೆ?"

"ಸನ್ಯಾಸಿನಿ ಮಾಳ. ನಾಳೆ ಬೆಳಿಗ್ಗೆ."

"ನಿಮ್ಮಪ್ಪನ ಕಾಲದಿಂದ ಅದಕ್ಕೆ ನೇಗಿಲು ಮುಟ್ಸಿಲ್ಲವಲ್ಲ?"

"ಅಪ್ಪ ಹೋದ. ನಾನೂ ಹೋಗ್ತೀನಿ. ಹುಲ್ಲು ನೋಡ್ಕೊಂಡು ಯಾರು ಕೂತಿರ್ತಾರೆ? ಗೋಧಿ ಹಾಕ್ತೀನಿ." ಅವನು ಬಾಗಿಲು ತೆರೆದು ಹಿಡಿದ. "ತಲೆ ಬಗ್ಸಿ. ಬಾಗಿಲು ಗಿಡ್ಡ."

ನಾಳೆ ಬೆಳಿಗ್ಗೆ ಎಂದರೆ ನಾಳೆ ಸಂಜೆಗೆ ಡೆನ್ಜಿಲ್ ಹೊಲಿದ ಹೊಲಿಗೆಯೂ ಇಲ್ಲ, ತೆರೆದ ಗುಂಡಿಯೂ ಇಲ್ಲ, ತುರಿಕೆ ಗಿಡವೂ ಇಲ್ಲ. ಅಪ್ಪಣೆ ಇವತ್ತೇ ಸಿಗಬೇಕು. ಸಿಗದಿದ್ದರೆ ಡೆನ್ಜಿಲ್ ರೈಲು ಹತ್ತಿ ಹೋದವನಾಗಿಯೇ ಉಳಿಯುತ್ತಾನೆ, ಎಡ್ವಿನ್ ಹಡಗು ಹತ್ತಿ ಹೋದವನಾಗಿ ಉಳಿದ ಹಾಗೆ.

ಅಡುಗೆಮನೆ ಬೆಚ್ಚಗಿತ್ತು. ಒಲೆಯ ಮೇಲೆ ಕೆಟಲ್ ಗೊರಗುಡುತ್ತಿತ್ತು. ಗೋಡೆಯ ಕಪಾಟಿನಲ್ಲಿ ವಿಸ್ಕಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಎಲ್ಲವೂ ತುಂಬಿದ್ದವು. ಒಂದರ ಬಿರಟೆಯೂ ತೆರೆದಿರಲಿಲ್ಲ. ಕೊನೆಯದರ ಕುತ್ತಿಗೆಗೆ ಡೆನ್ಜಿಲ್‌ನ ತಂಗಿ ಕಟ್ಟಿದ ಕೆಂಪು ರಿಬ್ಬನ್ ಇನ್ನೂ ಇತ್ತು.

ಬೆರಿಲ್ ನೋಡುವುದನ್ನು ಥರ್ಕೆಟಲ್ ನೋಡಿದ. "ಲಂಚ ಕುಡಿಯಲ್ಲ ನಾನು. ಬಿಸಾಡೋಕೂ ಮನಸ್ಸು ಬರಲ್ಲ. ಕೇಕ್ ತಗೊಳ್ಳಿ."

ಅವನು ಒಣದ್ರಾಕ್ಷಿ ಕೇಕನ್ನು ಉದ್ದ ಚಾಕುವಿನಿಂದ ದಪ್ಪದಪ್ಪಗೆ ಕೊಯ್ದ. ಪ್ರತಿ ಕೊಯ್ತದ ನಂತರ ಚಾಕು ಒರೆಸಿದ.

ಬೆರಿಲ್ ಕೇಳಿದಳು. ಕೇಳಬೇಕಾದ ಕ್ರಮದಲ್ಲೇ ಕೇಳಿದಳು: ಗೇಟು ಹೇಗಿತ್ತೋ ಹಾಗೇ ಬಿಡುತ್ತೇವೆ, ಹೋರಿಗಳನ್ನು ಬೆದರಿಸುವುದಿಲ್ಲ, ತೋಡಿದ್ದನ್ನೆಲ್ಲ ಮುಚ್ಚುತ್ತೇವೆ, ಸಿಕ್ಕಿದ್ದೆಲ್ಲ ನಿಮ್ಮ ಮೇಜಿನ ಮೇಲೆ, ಅರ್ಧ ನಿಮ್ಮದು.

"ಬೇಡ," ಅಂದ ಥರ್ಕೆಟಲ್. "ಬೇಜಾರು ಮಾಡ್ಕೋಬೇಡಿ. ಬೇಡ ಅಂದ್ರೆ ಬೇಡ."

"ನಾಳೆ ಹೇಗಿದ್ರೂ ಉಳ್ತೀರಿ. ಇವತ್ತು ನಾವು ಅಗೆದ್ರೆ ನಿಮಗೇನು ನಷ್ಟ?"

"ನಷ್ಟ ಏನಿಲ್ಲ. ಅಭ್ಯಾಸ ಇಲ್ಲ."

"ಡೆನ್ಜಿಲ್ ಗ್ಯಾರಡ್ ಆ ಶನಿವಾರ ಇಲ್ಲಿಗೆ ಬಂದಿದ್ದ."

"ಬಂದಿದ್ನಾ?" ಥರ್ಕೆಟಲ್ ಕೇಕಿನ ತುಂಡನ್ನು ಲೆನ್ನಿಯ ತಟ್ಟೆಗೆ ಇಟ್ಟ. "ಕ್ರಿಸ್‌ಮಸ್‌ಗೆ ಆ ಬಾಟ್ಲಿ ಕೊಟ್ಟು ಹೋದ. ಅವತ್ತಿಂದ ಅವನ ಮುಖ ನೋಡಿಲ್ಲ ನಾನು. ದನೀನೂ ಕೇಳಿಲ್ಲ."

"ಯಜಮಾನ್ರೇ ಪರ್ಮಿಷನ್ ಕೊಟ್ರು ಅಂತ ತಂಗಿ ಹತ್ರ ಹೇಳಿದಾನೆ. ಖುಷೀಲಿ ಕುಣಿದಿದಾನೆ."

"ಹಾಗಾದ್ರೆ ಸುಳ್ಳು ಹೇಳಿದಾನೆ." ಥರ್ಕೆಟಲ್ ನಿಟ್ಟುಸಿರಿಟ್ಟ. "ಪಾಪ. ಒಳ್ಳೆಯವನು ಅಂದ್ಕೊಂಡಿದ್ದೆ. ಕದ್ದು ನುಗ್ಗೋ ಜಾತಿ ಅಂತ ಗೊತ್ತಿರ್ಲಿಲ್ಲ. ಊರಿಗೆಲ್ಲ ಹೇಳ್ಬೇಕಾಗುತ್ತೆ, ಹುಷಾರಾಗಿರಿ ಅಂತ."

ಕದ್ದು ನುಗ್ಗೋ ಜಾತಿ. ಡಿಟೆಕ್ಟರಿನವರಲ್ಲಿ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಕತ್ತಲಲ್ಲಿ ಬೇಲಿ ಹಾರಿ, ಅಪ್ಪಣೆಯಿಲ್ಲದೆ ಅಗೆದು, ಗುಂಡಿ ಬಿಟ್ಟು ಓಡಿಹೋಗುವ ಕಳ್ಳರಿಗೆ ಅನ್ನುವ ಮಾತು. ಡೆನ್ಜಿಲ್ ಅಂಥವರ ಜೊತೆ ಒಂದೇ ಪಬ್ಬಿನಲ್ಲಿ ಬಿಯರು ಕೂಡ ಕುಡಿಯುತ್ತಿರಲಿಲ್ಲ.

ಮೇಜಿನಡಿಯಲ್ಲಿ ಬೆರಿಲ್‌ನ ಬೂಟು ಲೆನ್ನಿಯ ಕಾಲಿಗೆ ಒತ್ತಿತು. ಆದರೆ ತಡವಾಗಿತ್ತು.

"ಅವನು ಸುಳ್ಳು ಹೇಳಿಲ್ಲ," ಅಂದ ಲೆನ್ನಿ. "ಸುಳ್ಳು ಹೇಳಿದ್ದು ನಾನು."

"ಲೆನ್ನಿ."

"ಇಲ್ಲ ಬೆರಿಲ್, ಸತ್ತರೂ ಸರಿ, ಅವನಿಗೆ ಕಳ್ಳ ಅನ್ನಿಸ್ಕೊಳ್ಳೋಕೆ ಬಿಡಲ್ಲ. ಮಿಸ್ಟರ್ ಥರ್ಕೆಟಲ್, ಅವನಿಗೆ ಫೋನ್ ಮಾಡಿದ್ದು ನಾನು. ನಿಮ್ಮ ದನೀಲಿ. ಪರ್ಮಿಷನ್ ಕೊಟ್ಟಿದ್ದು ನಾನು. ತಮಾಷೆಗೆ."

ಕೆಟಲ್ ಕುದಿದು ಸೀಟಿ ಹೊಡೆಯತೊಡಗಿತು. ಯಾರೂ ಏಳಲಿಲ್ಲ. ಸೀಟಿ ಏರುತ್ತಾ ಏರುತ್ತಾ ಕಿವಿ ಕೊರೆಯುವಷ್ಟಾದ ಮೇಲೆ ಥರ್ಕೆಟಲ್ ಎದ್ದು, ಅದನ್ನು ಒಲೆಯಿಂದ ಇಳಿಸಿ, ಮತ್ತೆ ಬಂದು ಕೂತ.

"ನನ್ನ ದನೀಲಿ?"

"ಹೌದು."

"ಮಾಡು."

"ಏನು?"

"ಕೇಳೋಣ, ಮಾಡು. ಎಪ್ಪತ್ತು ವರ್ಷದಿಂದ ಮಾತಾಡ್ತಿದೀನಿ, ನಾನು ಹೇಗೆ ಮಾತಾಡ್ತೀನಿ ಅಂತ ಒಮ್ಮೆಯೂ ಕೇಳಿಲ್ಲ."

ಲೆನ್ನಿ ಬೆರಿಲ್ ಕಡೆ ನೋಡಿದ. ಅವಳ ಕಣ್ಣು ಚಾಕುವಿನ ಮೇಲಿತ್ತು. ಅವನು ಗದ್ದವನ್ನು ಎದೆಗೆ ಒತ್ತಿದ. ಎದುರಿಗೆ ಅದೇ ಗದ್ದ, ಅದೇ ಉಬ್ಬಿದ ಕತ್ತು. ಕನ್ನಡಿಯ ಮುಂದೆ ಕೂತಂತಿತ್ತು. ಆದರೆ ಕನ್ನಡಿ ಕಣ್ಣು ಮಿಟುಕಿಸುತ್ತಿರಲಿಲ್ಲ.

"ನೋಡು ಮರೀ... ರೋಲಂಡ್ ಥರ್ಕೆಟಲ್ ಮಾತಾಡ್ತಿರೋದು. ಎಷ್ಟು ವರ್ಷ ಕೇಳ್ತೀಯ, ಹೇಳು? ಕೇಳಿ ಕೇಳಿ ನಿನಗೂ ಸುಸ್ತು, ಬೇಡ ಅಂದು ಅಂದು ನನಗೂ ಸುಸ್ತು. ಸ್ಸ್... ಸನ್ಯಾಸಿನಿ ಮಾಳಕ್ಕೆ ಬಾ. ಶನಿವಾರ ಬೆಳಕು ಹರಿಯೋ ಹೊತ್ತಿಗೆ ಬಾ. ಗೇಟು ಮುಚ್ಚು, ಗುಂಡಿ ಮುಚ್ಚು, ಬಾಯಿ ಮುಚ್ಚು..."

ಅಲ್ಲಿಗೆ ಲೆನ್ನಿ ನಿಲ್ಲಿಸಿದ. ಮುಂದೆ ಹೋಗಲಾಗಲಿಲ್ಲ.

ಥರ್ಕೆಟಲ್ ಅಲುಗಲಿಲ್ಲ. ನಂತರ ಅವನ ಭುಜ ಒಮ್ಮೆ ಕುಲುಕಿತು, ಇನ್ನೊಮ್ಮೆ ಕುಲುಕಿತು. ಹಲ್ಲಿನ ಸಂದಿಯಿಂದ ಸ್ಸ್ ಎಂದು ಗಾಳಿ ಹೋಯಿತು. ಆಮೇಲೆ ಅವನು ಮೇಜು ಗುದ್ದಿ ನಕ್ಕ. ತಟ್ಟೆಗಳು ಎಗರಿದವು.

"ಬಾಯಿ ಮುಚ್ಚು! ಕೇಳಿದ್ರಾ ಸಾರ್ಜೆಂಟ್? ನಾನೇ! ಹುಬೇಹೂಬು ನಾನೇ! ಸ್ಸ್ ಅಂತೀನಾ ನಾನು? ಸ್ಸ್ ಅಂತೀನಿ!"

ನಗು ಅಂಟುಜಾಡ್ಯ. ಲೆನ್ನಿಯ ತುಟಿಯೂ ಬಿರಿಯಿತು. ಬೆರಿಲ್‌ಗೂ ತಡೆಯಲಾಗಲಿಲ್ಲ. ಎಷ್ಟೋ ದಿನದಿಂದ ಬಿಗಿದು ಕಟ್ಟಿದ್ದೇನೋ ಆ ಬೆಚ್ಚಗಿನ ಕೋಣೆಯಲ್ಲಿ ಸಡಿಲವಾಯಿತು.

"ಕೋಪ ಬರ್ಲಿಲ್ವಾ ನಿಮಗೆ?" ಬೆರಿಲ್ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ಕೋಪ ಯಾಕೆ? ನನ್ನ ದನಿ ಕೊಟ್ಟ ಮಾತು ಅಂದ್ಮೇಲೆ ನನ್ನ ಮಾತೇ. ಅಪ್ಪಣೆ ಕೊಟ್ಟಾಗಿದೆ, ನನಗೇ ಗೊತ್ತಿರ್ಲಿಲ್ಲ!" ಅವನು ಮತ್ತೆ ನಕ್ಕ. "ಸರಿ. ಅಗೀರಿ. ಕತ್ತಲಾಗೋಕೆ ಇನ್ನೂ ಹೊತ್ತಿದೆ. ಎಲ್ಲಿ ಬೇಕಾದ್ರೂ ಅಗೀರಿ."

"ನಿಜವಾಗ್ಲೂ?"

"ಗೇಟು ಇಲ್ಲ ಇಲ್ಲಿ. ಮೇಜಿನ ಮೇಲೇ ಕೈ ಕುಲುಕೋಣ."

ಮೊದಲು ಬೆರಿಲ್‌ನ ಕೈ ಕುಲುಕಿದ. ಅವಳು ಎದ್ದಳು. ಎದ್ದ ರಭಸಕ್ಕೆ ಆಸ್ಪತ್ರೆಯವರ ಮಂಡಿಯೂ ನೋಯಲಿಲ್ಲ. "ನಾನು ಕಾರು ಅಂಗಳಕ್ಕೆ ತರ್ತೀನಿ. ಯಂತ್ರ ಇಳಿಸೋಣ. ಲೆನ್ನಿ, ನೀನು ಕೇಕ್ ಮುಗ್ಸು."

ಬಾಗಿಲು ಮುಚ್ಚಿತು.

ಥರ್ಕೆಟಲ್ ಲೆನ್ನಿಯ ಕಡೆಗೆ ಕೈ ಚಾಚಿದ. ಲೆನ್ನಿ ಕೈ ಕೊಟ್ಟ. ಅದು ಆ ಅಗಲದ ಅಂಗೈಯೊಳಗೆ ಮುಳುಗಿಹೋಯಿತು.

"ಒಳ್ಳೆ ಕಲೆ ನಿಂದು, ಕತ್ತರಿ."

"ದಯವಿಟ್ಟು ಕ್ಷಮಿಸಿ, ಮಿಸ್ಟರ್ ಥರ್ಕೆಟಲ್. ನಾನು..."

"ಆದ್ರೆ ಒಂದು ಬಿಟ್ಬಿಟ್ಟೆಯಲ್ಲ."

"ಏನು?"

"ಹಾಡು."

ಲೆನ್ನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಬಾಯಿಯಲ್ಲಿದ್ದ ಕೇಕು ಮಣ್ಣಾಯಿತು.

ಫೋನಿನ ಕೊನೆಗೆ, ನಗು ತಡೆಯಲಾರದೆ, ಅವನು ಇನ್ನೊಂದು ಮಾತು ಸೇರಿಸಿದ್ದ. ನನ್ನ ಹೋರಿಗಳಿಗೆ ಹೊಸಬರೆಂದರೆ ಭಯ, ಗೇಟಿನ ಹತ್ತಿರ ನಿಂತು ಸುಗ್ಗಿಯ ಪ್ರಾರ್ಥನೆ ಹಾಡಿ ಒಳಗೆ ಬಾ ಎಂದು. ಸೂರ್ಯ ಹುಟ್ಟುವ ಹೊತ್ತಿಗೆ ಡೆನ್ಜಿಲ್ ಟೋಪಿ ತೆಗೆದು ಹೋರಿಗಳಿಗೆ ಹಾಡುವುದನ್ನು ನೆನೆದು ಫೋನಿಟ್ಟ ಮೇಲೂ ನಕ್ಕಿದ್ದ. ಆಮೇಲೆ ನಾಚಿಕೆಗೆ ಅದನ್ನು ಬೆರಿಲ್‌ಗೂ ಹೇಳಿರಲಿಲ್ಲ. ಈಗ ಮಾಡಿ ತೋರಿಸುವಾಗಲೂ ಅದರ ಹಿಂದಿನ ಮಾತಿಗೇ ನಾಲಿಗೆ ನಿಂತಿತ್ತು.

ಅದನ್ನು ಬಲ್ಲವರು ಇಬ್ಬರೇ. ಹೇಳಿದ ತಾನು. ಕೇಳಿದ ಡೆನ್ಜಿಲ್.

"ಪಾಪ, ಎಲ್ಲ ಚರಣಾನೂ ಹಾಡ್ದ," ಥರ್ಕೆಟಲ್ ಮೆಲ್ಲಗೆ, ಅಕ್ಕರೆಯಿಂದ ಅಂದ. "ಒಳ್ಳೆ ದನಿ. ಹೋರಿ ಒಂದೂ ತಲೆ ಎತ್ತಲಿಲ್ಲ. ನಾನೊಬ್ಬನೇ ಎದ್ದು ನೋಡ್ದೆ, ಯಾರಪ್ಪ ಇದು ಅಂತ."

ಲೆನ್ನಿ ಕೈ ಎಳೆದುಕೊಂಡ. ಕೈ ಬರಲಿಲ್ಲ.

"ನೀವೇ ಕರೆದಿದ್ದಲ್ವಾ ಮಿಸ್ಟರ್ ಥರ್ಕೆಟಲ್, ನೀವೇ ಕರೆದಿದ್ದಲ್ವಾ ಅಂತಾನೇ ಇದ್ದ. ನನಗೆ ತಲೆಬುಡ ತಿಳೀಲಿಲ್ಲ. ಯಾರು ಕರೆದಿರ್ಬಹುದು ಅಂತ ಯೋಚನೆ ಮಾಡ್ತಾ ಮಾಡ್ತಾ ನಿನ್ನ ಅಂಗಡಿಗೂ ಬಂದು ಕೂತೆ ನೋಡು." ಅವನ ಹಿಡಿತ ಇನ್ನಷ್ಟು ಬಿಗಿಯಾಯಿತು. "ಈಗ ತಿಳೀತು."

ಕಿಟಕಿಯಾಚೆ ಬೆರಿಲ್ ಅಂಗಳದಲ್ಲಿ ಕಾರು ನಿಲ್ಲಿಸಿ, ಡಿಟೆಕ್ಟರಿನ ತಂತಿ ಬಿಡಿಸುತ್ತಿದ್ದಳು. ಲೆನ್ನಿ ಅವಳ ಹೆಸರು ಕೂಗಲು ಎದೆ ತುಂಬ ಉಸಿರು ಎಳೆದುಕೊಂಡ.

ಅಷ್ಟರಲ್ಲಿ ಥರ್ಕೆಟಲ್ ತಲೆ ಹಿಂದಕ್ಕೆ ಹಾಕಿ ನಕ್ಕ. ಈ ಸಲ ಮೊದಲಿಗಿಂತ ಜೋರಾಗಿ, ಕಪಾಟಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಗುಡುವಷ್ಟು ಜೋರಾಗಿ ನಕ್ಕ. ಲೆನ್ನಿಯ ಕೂಗು ಆ ನಗುವಿನೊಳಗೆ ಎಲ್ಲೋ ಹೋಯಿತು. ಅಂಗಳದಲ್ಲಿ ಬೆರಿಲ್ ತಲೆ ಎತ್ತಿದಳು. ಒಳಗೆ ಎಲ್ಲ ಸರಿಹೋಯಿತು ಎಂದುಕೊಂಡು ಕೈ ಬೀಸಿ, ತಾನೂ ನಕ್ಕಳು. ಡಿಟೆಕ್ಟರನ್ನು ಹೆಗಲಿಗೇರಿಸಿಕೊಂಡು ಒಬ್ಬಳೇ ಮಾಳದ ಕಡೆಗೆ ಹೊರಟಳು.

ಥರ್ಕೆಟಲ್ ಇನ್ನೂ ನಗುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.